ಮೀನು ಹಿಡಿದ ಗೊಕು ಮಾಡಿದ ತಪ್ಪೇನು?

2020ರ ‘ಡ್ರ್ಯಾಗನ್ ಬಾಲ್ ಝಡ್: ಕಾಕರಾಟ್’ ವಿಡಿಯೋ ಗೇಮ್ ಮೂಲ ಅನಿಮೆಯ ಬರೀ ನಕಲು ಎಂದು ಕಳೆದ ಸಂಚಿಕೆಯ ವಿಮರ್ಶಕರು ಒಂದೇ ಏಟಿಗೆ ತಳ್ಳಿಹಾಕಿದ್ದಾರೆ. ಗೊತ್ತಿರುವ ಕಥೆ ಎಂಬುದೇ ದೋಷವಾದರೆ ರಾಮಾಯಣವನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಸೈಯನ್ ಯೋಧರ ದಾಳಿಯಿಂದ ರಾಕ್ಷಸ ಮಾಜಿನ್ ಬೂವರೆಗಿನ ಕಾಳಗಗಳ ನಡುವೆ ಕಥಾನಾಯಕ ಗೊಕು ಕೃತಕ ಬಾಲ ಕಟ್ಟಿಕೊಂಡು ಮೀನು ಹಿಡಿಯುತ್ತಾನೆ. ಹೆಂಡತಿ ಚಿಚಿಯ ಕೈಯಡುಗೆ ಉಂಡು ಬಲ ಹೆಚ್ಚಿಸಿಕೊಳ್ಳುತ್ತಾನೆ. ವೀರನ ಈ ಮನೆವಾಳ್ತೆಯೇ ಆಟದ ಜೀವಾಳ.

ನಿಜವಾದ ಹುಳುಕನ್ನು ವಿಮರ್ಶಕರು ಮುಟ್ಟಿಯೇ ಇಲ್ಲ. ಉಪಕಥೆಗಳೆಂದರೆ ಬಹುಪಾಲು ಸಾಮಾನು ಹುಡುಕಿ ತರುವ, ಅವೇ ರೋಬೋಟುಗಳನ್ನು ಬಡಿಯುವ ಚಾಕರಿ. ಒಂದು ಸೀಮೆಯಿಂದ ಇನ್ನೊಂದಕ್ಕೆ ಹಾರಲು ಪ್ರತಿಸಲ ಲೋಡಿಂಗ್ ಪರದೆ. ಬೈಯುವುದಿದ್ದರೆ ಇದನ್ನು ಬೈಯಲಿ, ಮೂಲಕಥೆಯ ಮೇಲಿನ ನಿಷ್ಠೆಯನ್ನಲ್ಲ.