ಜಿನ್ನಿಗೆ ಯಾಕೆ ಈ ಶಿಕ್ಷೆ?

ಮುಂಬಯಿಯ ನಮ್ಮ ಗೆಳೆಯರ ಕೂಟಗಳಲ್ಲಿ ಸಿಂಗಲ್ ಮಾಲ್ಟ್ ಬಂದರೆ ಎಲ್ಲರೂ ಪಂಡಿತರೇ. ಮೂಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಎರಡು ಹನಿ ನೀರು ಸಾಕು ಅಂತಾರೆ. ಜಿನ್ ಬಾಟಲಿ ತೆರೆದರೆ ಮಾತ್ರ ಲೋಟ ತುಂಬ ಐಸು, ಟಾನಿಕ್ಕು, ಮೇಲಿಂದ ಲೈಮ್ ಕಾರ್ಡಿಯಲ್ಲು. ಕುಡಿದು "ಇದರಲ್ಲಿ ಏನ್ರೀ ರುಚಿ ಇದೆ?" ಅನ್ನೋ ತೀರ್ಪು ಬೇರೆ. ರುಚಿ ಇರೋಕೆ ನೀವು ಬಿಟ್ಟರೆ ತಾನೆ ಸ್ವಾಮಿ!

ಲಂಡನ್ನಿನಲ್ಲೇ ತಯಾರಾಗುವ ಬೀಫೀಟರ್ ತಗೊಳ್ಳಿ. ಜುನಿಪರ್ ಕಾಯಿ, ಕೊತ್ತಂಬರಿ ಬೀಜ, ಅತಿಮಧುರ, ಲೆಮನ್ ಸಿಪ್ಪೆ, ಸೆವಿಲ್ ಕಿತ್ತಳೆ ಸಿಪ್ಪೆ, ಹೀಗೆ 9 ಪದಾರ್ಥ ಸ್ಪಿರಿಟ್ಟಿನಲ್ಲಿ 24 ಗಂಟೆ ನೆನೆದ ಮೇಲೇ ಭಟ್ಟಿ ಇಳಿಸೋದು. ಕೊತ್ತಂಬರಿ ಬೀಜವನ್ನು ಹುರಿಯದೆ ಹಸಿಯಾಗಿ ಜಜ್ಜಿದರೆ ನಿಂಬೆಯಂಥ ಒಂದು ಘಮ ಏಳುತ್ತಲ್ಲ, ಅದೇ ಇಲ್ಲಿರೋದು. ಸಾರಿನ ಪುಡಿ ಕುಟ್ಟೋ ಮನೆಯಲ್ಲಿ ಬೆಳೆದ ನಮಗೇ ಅದು ಸಿಗಲ್ಲ ಅಂದರೆ ಹೇಗೆ?

ಇನ್ನು ಆ 'ಡ್ರೈ' ಅನ್ನೋ ಮಾತು. ಯುರೋಪಿನ ನಿಯಮದ ಪ್ರಕಾರ ಲಂಡನ್ ಜಿನ್ ಅನ್ನಿಸಿಕೊಳ್ಳಬೇಕಾದರೆ ಲೀಟರಿಗೆ 0.1 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಕೂಡದು. ಅಷ್ಟು ಕಟ್ಟುನಿಟ್ಟಾಗಿ ಸಿಹಿಯನ್ನು ದೂರ ಇಟ್ಟದ್ದಕ್ಕೆ ನಾವು ಚಮಚಗಟ್ಟಲೆ ಸಕ್ಕರೆಯ ಟಾನಿಕ್ ಸುರೀತೀವಿ.

ಟಾನಿಕ್ ಬೇಡವೇ ಬೇಡ ಅಂತಲ್ಲ, ಮೇ ತಿಂಗಳ ಸೆಕೆಯಲ್ಲಿ ನಾನೂ ಕುಡೀತೀನಿ. ಮೊದಲ 15 ಎಂಎಲ್ ಮಾತ್ರ ಐಸಿಲ್ಲದೆ, ಅಷ್ಟೇ ನೀರು ಬೆರೆಸಿ, ಬಾಯಿ ಕಿರಿದಾದ ಗ್ಲಾಸಿನಲ್ಲಿ ಮೂಸಿ ನೋಡಿ. ಮೊದಲು ಪೈನ್ ಮರದ ಅಂಟಿನ ವಾಸನೆ, ಆಮೇಲೆ ಕಿತ್ತಳೆ ಸಿಪ್ಪೆ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಬೇರಿನ ಒಣ ಕಹಿ. ಇಷ್ಟಾದ ಮೇಲೂ ಹಿಡಿಸಲಿಲ್ಲವಾ? ಬಾಟಲಿ ಇತ್ತ ತಳ್ಳಿ.