ಬಿತ್ತುವ ಮೊದಲು ಹೇಳಿ, ಬಿತ್ತಿದ ಮೇಲೆ ಬದಲಿಸಬೇಡಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ತಾಲೂಕುಗಳ ರೈತ ಬಾಂಧವರೇ, ಹತ್ತಿ ಬಿಡಿಸುವ ಅಕ್ಕ-ತಂಗಿಯರೇ, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ ಅಣ್ಣಂದಿರೇ,

2025ರ ಆಗಸ್ಟ್ 19ರಂದು ನಮ್ಮ ಹೊಲಗಳಲ್ಲಿ ಹತ್ತಿ ನಿಂತಿತ್ತು. ಬೀಜಕ್ಕೆ ಕೊಟ್ಟದ್ದು, ಗೊಬ್ಬರಕ್ಕೆ ಸಾಲಿನಲ್ಲಿ ನಿಂತದ್ದು, ಎಡೆ ಹೊಡೆಸಿದ್ದು, ಕಳೆ ತೆಗೆಸಿದ್ದು ಎಲ್ಲ ಮುಗಿದು ಖರ್ಚು ಮಣ್ಣಿಗೆ ಸೇರಿತ್ತು. ಹಿಂದೆ ಸರಿಯಲು ಯಾರಿಗೂ ದಾರಿ ಇರಲಿಲ್ಲ. ಅಂದೇ ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿದ್ದ ಶೇ. 11ರಷ್ಟು ಆಮದು ಸುಂಕವನ್ನು ತೆಗೆದುಹಾಕಿತು. ಮೊದಲು ಸೆಪ್ಟೆಂಬರ್ 30ರವರೆಗೆ ಮಾತ್ರ ಎಂದರು. ಆಗಸ್ಟ್ ಮುಗಿಯುವ ಮುನ್ನವೇ ಅದನ್ನು ಡಿಸೆಂಬರ್ 31ಕ್ಕೆ ಎಳೆದರು. ನಮ್ಮ ಹತ್ತಿ ಪೇಟೆಗೆ ಬರುವ ತಿಂಗಳುಗಳೇ ಅದರೊಳಗೆ ಸಿಕ್ಕಿಕೊಂಡವು.

ಇದರ ಬೇರು ಎಲ್ಲಿದೆ ನೋಡಿ. ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು. ಭಾರತ ರಷ್ಯಾದ ಕಚ್ಚಾ ತೈಲ ಕೊಂಡಿತು. ಅದನ್ನೇ ನೆಪ ಮಾಡಿ ಅಮೆರಿಕದ ಅಧ್ಯಕ್ಷ ಟ್ರಂಪ್, ಮೊದಲು ಹೇರಿದ್ದ ಶೇ. 25 ಸುಂಕದ ಮೇಲೆ ಆಗಸ್ಟ್ 27ರಿಂದ ಇನ್ನೂ ಶೇ. 25 ಹೇರುವುದಾಗಿ ಮೊದಲೇ ಸಾರಿದರು. ಅಮೆರಿಕಕ್ಕೆ ಹೋಗುವ ನಮ್ಮ ಸಿದ್ಧ ಉಡುಪಿಗೆ ಪೆಟ್ಟು ಬಿತ್ತು. ಬಟ್ಟೆ ಗಿರಣಿಗಳಿಗೆ ಹತ್ತಿ ಅಗ್ಗವಾಗಿ ಸಿಗಲಿ ಎಂದು ದೆಹಲಿ ಆಮದು ಸುಂಕ ತೆಗೆಯಿತು. ವಾಷಿಂಗ್ಟನ್ನಿನಲ್ಲಿ ಹೊರಿಸಿದ ಹೊರೆ ಜಾರುತ್ತಾ ಜಾರುತ್ತಾ ನಮ್ಮ ಹೊಲದ ಬದುವಿಗೆ ಬಂದು ನಿಂತಿತು. ಈ ದಾರಿಯಲ್ಲಿ ಒಂದು ಕಡೆಯಾದರೂ ಹತ್ತಿ ಬೆಳೆದವನನ್ನು ಕರೆದು ಕೇಳಿದರೇ? ಹತ್ತಿ ಬಿಡಿಸುವವಳನ್ನು ಕೇಳಿದರೇ?

ಗಿರಣಿಗಳಿಗೆ ನೆರವು ಬೇಡವೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ಹೊಲಿಯುವ ಕೈಗಳು ನಮ್ಮಂಥ ಹಳ್ಳಿಗಳ ಮನೆಮಕ್ಕಳವೇ. ಅವರ ಕೆಲಸ ಉಳಿಯಲೇಬೇಕು. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ತನ್ನ ಖಜಾನೆಯಿಂದ ಕೊಡಲಿ, ರೈತನ ರೇಟಿನಿಂದ ಕಿತ್ತು ಕೊಡುವುದು ಬೇಡ. ಅಕ್ಕ ಹೊಲಿಯುವ ಬಟ್ಟೆಗೂ ತಮ್ಮ ಬೆಳೆಯುವ ಹತ್ತಿಗೂ ಜಗಳ ಹಚ್ಚುವ ಲೆಕ್ಕ ಇದು. ಈ ಜಗಳಕ್ಕೆ ನಾವು ಬೀಳಬಾರದು.

ಬೆಂಬಲ ಬೆಲೆ ಇದೆಯಲ್ಲ ಎನ್ನುತ್ತಾರೆ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲಿಗೆ 7,710 ರೂಪಾಯಿ, ಉದ್ದ ಎಳೆಗೆ 8,110 ರೂಪಾಯಿ ಎಂದು ಸಾರಿದ್ದು ನಿಜ. ಆದರೆ ಭಾರತೀಯ ಹತ್ತಿ ನಿಗಮಕ್ಕೆ ಮಾರಬೇಕಾದರೆ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಹೆಸರು ಹಚ್ಚಬೇಕು, ತೇವಾಂಶ ಶೇ. 12 ದಾಟಬಾರದು. ಹಿಂಗಾರು ಮಳೆಗೆ ನೆನೆದ ಹತ್ತಿಯನ್ನು ಒಣಗಿಸಲು ಕಣವಿಲ್ಲದವನು, ಬಿಡಿಸಿದವರಿಗೆ ಅಂದೇ ಸಂಜೆ ಕೂಲಿ ಕೊಡಬೇಕಾದವನು ಎಷ್ಟು ದಿನ ಕಾಯುತ್ತಾನೆ? ಸಿಕ್ಕ ರೇಟಿಗೆ ಹಾಕಿ ಬರುತ್ತಾನೆ. ರೇಟು ಬಿದ್ದ ವರ್ಷ ಅವನೂ ಕಿಲೋ ಲೆಕ್ಕದ ಬಿಡಿಸುವ ಕೂಲಿಯಲ್ಲಿ ಚೌಕಾಸಿ ಮಾಡುತ್ತಾನೆ. ರೈತ ಬಾಂಧವರೇ, ಈ ಮಾತನ್ನು ನಾವು ನಾವೇ ಹೇಳಿಕೊಳ್ಳಬೇಕು. ಮೇಲಿನವರು ನಮಗೆ ಮಾಡಿದ್ದನ್ನೇ ನಾವು ಕೂಲಿ ಹೆಣ್ಣುಮಕ್ಕಳಿಗೆ ಮಾಡಿದರೆ ಅವರು ನಮ್ಮ ಜೊತೆ ಯಾಕೆ ನಿಲ್ಲಬೇಕು?

ಮೆಕ್ಕೆಜೋಳದ ಕಥೆಯನ್ನು ಬೇರೆ ಹೇಳಬೇಕಿಲ್ಲ. ಅದೇ ವರ್ಷ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಕಾಗದದಲ್ಲಿತ್ತು, ಪೇಟೆಯಲ್ಲಿ ಅದರ ಹತ್ತಿರವೂ ಬರಲಿಲ್ಲ. ರಾಜ್ಯ ಕೇಂದ್ರದ ಕಡೆ ಕೈ ತೋರಿಸಿತು, ಕೇಂದ್ರ ರಾಜ್ಯದ ಕಡೆ ತೋರಿಸಿತು. ಅಷ್ಟರಲ್ಲಿ ರಾಶಿ ಮುಗಿದಿತ್ತು.

ದೂರದ ತೀರ್ಮಾನದ ಹೊರೆ ನಮ್ಮ ಹೊಲಕ್ಕೆ ಬೀಳುವ ಈ ಪಾಠ ಹಾವೇರಿಗೆ ಹೊಸದಲ್ಲ. 2008ರ ಏಪ್ರಿಲ್‌ನಲ್ಲಿ ಚೀನಾ ತನ್ನ ರಸಗೊಬ್ಬರ ಹೊರಗೆ ಹೋಗದಂತೆ ಶೇ. 100ಕ್ಕೂ ಮಿಕ್ಕಿದ ರಫ್ತು ಸುಂಕ ಹಾಕಿತು. ಜಗತ್ತಿನಾದ್ಯಂತ ಗೊಬ್ಬರದ ಬೆಲೆ ಮುಗಿಲಿಗೇರಿತು. ಮೇ 30ರಂದು ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ ಮುಖ್ಯಮಂತ್ರಿಯಾದರು. ಹನ್ನೊಂದು ದಿನಕ್ಕೆ, ಜೂನ್ 10ರಂದು, ಗೊಬ್ಬರ ಕೇಳಲು ಹಾವೇರಿಯ ಬೀದಿಗೆ ಬಂದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ನಮ್ಮವರಿಬ್ಬರು ಸತ್ತರು. ಅವರು ಕೇಳಿದ್ದು ಬಿಟ್ಟಿ ಗೊಬ್ಬರವನ್ನಲ್ಲ, ದುಡ್ಡು ಕೊಟ್ಟು ಕೊಳ್ಳುವ ಗೊಬ್ಬರವನ್ನು. ಬೀಜಿಂಗಿನಲ್ಲಿ ಆದ ತೀರ್ಮಾನ ಏಪ್ರಿಲ್‌ನಲ್ಲೇ ಎಲ್ಲರಿಗೂ ಗೊತ್ತಿತ್ತು. ಮುಂಗಾರಿಗೆ ಗೊಬ್ಬರ ಸಾಲದು ಎಂದು ಹಾವೇರಿ ರೈತನಿಗೆ ಮೊದಲೇ ಹೇಳುವ ಜವಾಬ್ದಾರಿ ಯಾರದೂ ಆಗಲಿಲ್ಲ.

ಬ್ಯಾಡಗಿಯ 2024ರ ಮಾರ್ಚ್ 11ನ್ನೂ ನೆನಪು ಮಾಡಿಕೊಳ್ಳಿ. ಮೆಣಸಿನಕಾಯಿ ರೇಟು ಒಮ್ಮೆಲೇ ಕುಸಿಯಿತು, ಸಿಟ್ಟು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿಯಾಗಿ ಹತ್ತಿತು. ಆ ಸಿಟ್ಟು ಸುಳ್ಳಲ್ಲ. ಇಡೀ ವರ್ಷದ ದುಡಿಮೆ ಕಣ್ಣೆದುರು ಅರ್ಧವಾದಾಗ ಯಾರ ಹೊಟ್ಟೆ ಉರಿಯುವುದಿಲ್ಲ? ಆದರೆ ಸುಟ್ಟ ಜೀಪು ಯಾರ ರೇಟನ್ನೂ ಕಟ್ಟಿರಲಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗಳ ಬೇಡಿಕೆ, ತುಂಬಿದ ಕೋಲ್ಡ್ ಸ್ಟೋರೇಜು, ಆಂಧ್ರದಿಂದಲೂ ಬಂದು ಬಿದ್ದ ಚೀಲಗಳ ರಾಶಿ, ಇವೆಲ್ಲ ಸೇರಿ ಕಟ್ಟಿದ ರೇಟು ಅದು. ಕೊನೆಗೆ ಪೊಲೀಸ್ ಕೇಸು ಬಿದ್ದದ್ದು ರೈತರ ಮೇಲೆ.

ಹಾಗಾದರೆ ಯಾವುದು ಗೆದ್ದಿದೆ? 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏನು ಮಾಡಿದರು ನೋಡಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ಮುಟ್ಟಬಾರದು ಎಂಬ ಹೊಸ ನಿಯಮ ಬಂದಿತ್ತು. ಸಾವಿರ ಸಾವಿರ ಹೆಂಗಸರು ಕೆಲಸ ಬಿಟ್ಟು ರಸ್ತೆಗಿಳಿದರು. ದೊಡ್ಡ ನಾಯಕರು ಯಾರೂ ಮುಂದೆ ಇರಲಿಲ್ಲ. ಅಲ್ಲೂ ಬೆಂಕಿ ಬಿತ್ತು, ಲಾಠಿ ಬಿತ್ತು. ಆದರೆ ಅವರನ್ನು ಗೆಲ್ಲಿಸಿದ್ದು ಬೆಂಕಿಯಲ್ಲ. ನಿಂತುಹೋದ ಮಿಶನ್ನುಗಳು ಗೆಲ್ಲಿಸಿದವು. ಅವರ ಬೇಡಿಕೆ ಒಂದೇ ಇತ್ತು, ಚಿಕ್ಕ ಮಗುವಿಗೂ ತಿಳಿಯುವಂತಿತ್ತು: ಈ ನಿಯಮ ವಾಪಸ್ ತಗೊಳ್ಳಿ. ಎರಡನೇ ದಿನವೇ ಕೇಂದ್ರ ಸರ್ಕಾರ ವಾಪಸ್ ತಗೊಂಡಿತು.

ಇಂಥ ಪಾಠ ನಮ್ಮದೇ ನೆಲದಲ್ಲೂ ಇದೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದಾಗ ಇನ್ನೂ ಹುಡುಗ. ಲಂಡನ್ನಿನ ಸಾಮ್ರಾಜ್ಯವನ್ನು ಒಂದು ಹಿಡಿ ಉಪ್ಪಿನ ತೆರಿಗೆಯ ಪ್ರಶ್ನೆಯಿಂದ ಹಿಡಿದು ನಿಲ್ಲಿಸಬಹುದೆಂದು ಅವರು ಅಲ್ಲಿ ಕಲಿತರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ರೈತರಿಂದ ವಸೂಲಾದ ಕಂದಾಯದ ಹಣಕ್ಕೆ ಕೈಹಾಕಿ, ಗುಂಡಿಗೆ ಎದೆಯೊಡ್ಡಿದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಜೊತೆಗೇ ಬಿದ್ದರು. ಈ ನೆಲದವರಿಗೆ ಸುಂಕ, ಕಂದಾಯದ ಮಾತು ದೊಡ್ಡವರ ಮಾತು, ನಮಗೆ ತಿಳಿಯದು ಎನ್ನುವ ಹಕ್ಕಿಲ್ಲ.

ನಮ್ಮ ಬೇಡಿಕೆಯೂ ಒಂದೇ ಇರಲಿ. ಹತ್ತಿ, ಮೆಕ್ಕೆಜೋಳದ ಆಮದು ಸುಂಕದಲ್ಲಿ ಏನೇ ಬದಲಾವಣೆ ಇದ್ದರೂ ರೋಹಿಣಿ ಮಳೆಗೆ ಮುಂಚೆ ಹೇಳಬೇಕು, ಬಿತ್ತಿದ ಮೇಲೆ ಆ ಬೆಳೆ ಮಾರಿ ಮುಗಿಯುವವರೆಗೆ ಮುಟ್ಟಬಾರದು. ಮುಟ್ಟಲೇಬೇಕಾದ ಪರಿಸ್ಥಿತಿ ಬಂದರೆ ಬೆಂಬಲ ಬೆಲೆಗೂ ಪೇಟೆ ರೇಟಿಗೂ ಇರುವ ಅಂತರವನ್ನು ಸರ್ಕಾರ ತುಂಬಿಕೊಡಬೇಕು, ಅದರಲ್ಲಿ ಬಿಡಿಸಿದವರ ಕೂಲಿಗೂ ಪಾಲಿರಬೇಕು. ಆಗದ ಮಾತೇನೂ ಅಲ್ಲ. 2022ರಲ್ಲಿ ಇದೇ ಹತ್ತಿಯ ಸುಂಕವನ್ನು ಏಪ್ರಿಲ್ ತಿಂಗಳಲ್ಲೇ ತೆಗೆದಿದ್ದರು. ಆಗ ಮುಂಗಾರು ಬಿತ್ತನೆ ಶುರುವಾಗಿರಲಿಲ್ಲ.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ರೈತರಷ್ಟೇ ಅಲ್ಲ, ಕೂಲಿಗೆ ಹೋಗುವ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಲಿ. ಮೇಲಿನ ಬೇಡಿಕೆಯನ್ನು ಓದಿ ಠರಾವು ಬರೆಸಿ, ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿ. ಪಿಡಿಒ ಅವರಿಂದ ಠರಾವಿನ ನಕಲು ಪಡೆಯಿರಿ. ಒಂದು ನಕಲು ದೇವಗಿರಿಯ ಜಿಲ್ಲಾಧಿಕಾರಿ ಕಚೇರಿಗೆ, ಒಂದು ನಮ್ಮ ಸಂಸದರಿಗೆ ತಲುಪಲಿ. ಅವರು ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, ದೆಹಲಿಯಲ್ಲಿ ಯಾವ ಬಾಗಿಲು ಬಡಿಯಬೇಕೆಂಬುದು ಅವರಿಗೆ ಗೊತ್ತು. ಕೊಟ್ಟಲ್ಲೆಲ್ಲ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಮಾಲ ಅಣ್ಣಂದಿರೇ, ಪೇಟೆಗೆ ನೂರಾರು ಊರಿನ ಜನ ಬರುವುದು ನಿಮ್ಮ ಕಣ್ಣೆದುರಿಗೆ. ಈ ಕರಪತ್ರವನ್ನು ಅವರ ಕೈಗೆ ಕೊಡಿ, ನಿಮ್ಮೂರಲ್ಲಿ ಠರಾವು ಆಯಿತೇ ಎಂದು ಕೇಳಿ.

ರೈತರು, ಹತ್ತಿ ಬಿಡಿಸುವವರು ಮತ್ತು ಹಮಾಲರ ಪರವಾಗಿ