ಕೆಂಪು ಜೇಡಿಯನ್ನು ತೊಳೆದು ಚೆಲ್ಲಬೇಡಿ

ಗೋವಾದಲ್ಲಿ ಗಣಿ ಬ್ಲಾಕುಗಳ ಹರಾಜು 2022ರ ಡಿಸೆಂಬರಿನಿಂದ ನಡೆದಿದೆ. 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳ ನವೀಕರಣ ರದ್ದು ಮಾಡಿದ ಮೇಲೆ ತಣ್ಣಗಾಗಿದ್ದ ಡಿಚೋಲಿ, ಸಾಂಗೆ ಕಡೆ ಮತ್ತೆ ಜೀವ ಬರುತ್ತಿದೆ. ಎಷ್ಟು ಟನ್ ಅದಿರು, ಸರ್ಕಾರಕ್ಕೆ ಎಷ್ಟು ಪಾಲು ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಬೋರು ಕೊರೆದಾಗ ಮೇಲೆ ಬರುವ ಮಣ್ಣು ಎಲ್ಲಿ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ಧಾರವಾಡದಲ್ಲಿ ಭೂವಿಜ್ಞಾನ ಓದಿ, ಗೋವಾದ ಗಣಿಗಳಲ್ಲಿ ಬೋರಿನ ಲಾಗ್ (ಆಳವಾರು ದಾಖಲೆ) ಬರೆದು ಬದುಕು ಕಟ್ಟಿಕೊಂಡ ನಾನು ಅದನ್ನೇ ಕೇಳಬೇಕೆಂದಿದ್ದೇನೆ.

ಶಿವಮೊಗ್ಗದ ಕಡೆಯ ಹಳೆಯ ಶಿಲಾಪಟ್ಟಿ ಹಾವೇರಿ, ಧಾರವಾಡದ ಸೀಮೆ ಹಾದು ವಾಯವ್ಯಕ್ಕೆ ಗೋವಾವರೆಗೂ ಚಾಚಿದೆ. ಶಿವಮೊಗ್ಗ–ಗೋವಾ ಪಟ್ಟಿ ಎಂದೇ ಅದರ ಹೆಸರು. ಹಾವೇರಿ ಹತ್ತಿರದ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಸಿಕ್ಕಿರುವುದು ಇದೇ ಪಟ್ಟಿಯಲ್ಲಿ, ಗಂಧಕದ ಖನಿಜಗಳು ಬೆರೆತ ಪಟ್ಟೆಪಟ್ಟೆ ಕಬ್ಬಿಣದ ಚರ್ಟ್ ಕಲ್ಲಿನಲ್ಲಿ. ಗೋವಾದ ನೆಲದಡಿಯೂ ಚಿನ್ನ ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕೊರೆದದ್ದು ಹೆಚ್ಚಾಗಿ ಕಬ್ಬಿಣಕ್ಕಾಗಿ. ಅದಿರಲ್ಲದ ಜೇಡಿಯನ್ನು ಕಸವೆಂದು ನೋಡಿದೆವು ಎಂದಷ್ಟೇ ಹೇಳುತ್ತಿದ್ದೇನೆ.

ಗೋವಾದ ಮಳೆ ಕಲ್ಲನ್ನು ಕಲ್ಲಾಗಿ ಉಳಿಸುವುದಿಲ್ಲ. ಮೇಲೆ ಚಿರೆಕಲ್ಲಿನ ಹೊದಿಕೆ, ಕೆಳಗೆ ಹತ್ತಾರು ಮೀಟರ್ ಕೊಳೆತ ಶಿಲೆ. ಫೆಲ್ಡ್‌ಸ್ಪಾರ್ ಶೇಡಿಮಣ್ಣಾಗುತ್ತದೆ, ಪೈರೈಟ್ ತುಕ್ಕು ಹಿಡಿದು ಗೋಥೈಟ್ ಆಗುತ್ತದೆ, ಸುಣ್ಣದ ಅಂಶ ಕರಗಿ ಹೋಗುತ್ತದೆ. ಚಿನ್ನ ತಂದ ಬಿಸಿನೀರು ಒಂದು ಕಾಲದಲ್ಲಿ ಅಕ್ಕಪಕ್ಕದ ಕಲ್ಲಿನಲ್ಲಿ ಬಿಟ್ಟುಹೋದ ಗುರುತುಗಳಲ್ಲಿ ಈ ಕೊಳೆತವನ್ನು ತಾಳಿಕೊಂಡು ಉಳಿಯುವುದು ಮುಖ್ಯವಾಗಿ ಬಿಳಿ ಅಭ್ರಕ. ಅದೂ ಬರಿಗಣ್ಣಿಗೆ ಕಾಣುವ ಹೊಳೆಯುವ ಹಾಳೆಯಲ್ಲ, ಕೈಗೆ ಜಾರುವ ಬಿಳಿ ಹಿಟ್ಟು. ಶೇಡಿಮಣ್ಣೂ ಹಾಗೆಯೇ ಜಾರುತ್ತದೆ, ಹಾಗೆಯೇ ಬೆಳ್ಳಗಿರುತ್ತದೆ. ಲಾಗ್ ಪುಸ್ತಕದಲ್ಲಿ ಎರಡಕ್ಕೂ ಒಂದೇ ಸಾಲು: ‘ಬಿಳಿ ಜೇಡಿ, ಕೊಳೆತದ್ದು’.

ಬೆಳಕಿನ ಯಂತ್ರ ಇವೆರಡನ್ನೂ ಕ್ಷಣದಲ್ಲಿ ಬೇರೆ ಮಾಡುತ್ತದೆ. ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರಿನ ಕಿಟಕಿಯನ್ನು ಒಣಗಿದ ಪುಡಿಗೆ ಒತ್ತಿದರೆ ಒಳಗಿನ ದೀಪ ಬೆಳಗುತ್ತದೆ, ಪರದೆಯ ಮೇಲೆ ಗೆರೆಯೊಂದು ಮೂಡುತ್ತದೆ. ಖನಿಜ ಬೆಳಕನ್ನು ಹೀರಿದ ತರಂಗಗಳಲ್ಲಿ ಆ ಗೆರೆ ತಗ್ಗುತ್ತದೆ. ಶೇಡಿಮಣ್ಣಿನ ಮುಖ್ಯ ಖನಿಜವಾದ ಕೆಯೋಲಿನೈಟ್ 2160 ಮತ್ತು 2206 ನ್ಯಾನೋಮೀಟರ್ ಹತ್ತಿರ ಜೋಡಿ ತಗ್ಗು ತೋರಿಸುತ್ತದೆ. ಅಭ್ರಕಕ್ಕೆ 2200ರ ಆಸುಪಾಸು ಒಂಟಿ ತಗ್ಗು, ಮುಂದೆ 2350ರ ಬಳಿ ಇನ್ನೊಂದು ಸಣ್ಣದು. ಆ ಒಂಟಿ ತಗ್ಗು 2190ರಿಂದ 2220ರವರೆಗೆ ಅತ್ತಿತ್ತ ಸರಿಯುತ್ತದೆ. ಅಭ್ರಕದಲ್ಲಿ ಅಲ್ಯುಮಿನಿಯಂ ಎಷ್ಟಿದೆ, ಹರಿದ ಬಿಸಿನೀರಿನ ಗುಣ ಎಲ್ಲಿ ಬದಲಾಯಿತು ಎಂಬುದಕ್ಕೆ ಅದೇ ಸುಳಿವು. ಹೊಳೆ ಎಲ್ಲಿಂದಲೋ ಹೊತ್ತು ತಂದ ಮಣ್ಣಿನಲ್ಲಿ ಕೆಯೋಲಿನೈಟಿನ ಜೋಡಿ ತಗ್ಗು ಮಂಕಾಗಿರುವುದೇ ಹೆಚ್ಚು. ತಂದು ಹಾಕಿದ ಮಣ್ಣು ಎಲ್ಲಿ ಮುಗಿಯಿತು, ಇದ್ದಲ್ಲೇ ಕೊಳೆತ ಕಲ್ಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಇದು ಕಣ್ಣಂದಾಜಿಗಿಂತ ಎಷ್ಟೋ ಮೇಲು.

ನನ್ನನ್ನು ಹೆಚ್ಚು ಕಾಡುವುದು ರಿಗ್ಗಿನ ಪಕ್ಕದ ಬಕೆಟ್ಟು. ಪ್ರತಿ ಮೀಟರಿನ ಪುಡಿಯನ್ನು ಜರಡಿಗೆ ಹಾಕಿ, ನೀರಿನಲ್ಲಿ ಗಲಗಲ ತೊಳೆದು, ಉಳಿದ ಗಟ್ಟಿ ಚೂರುಗಳನ್ನು ಪ್ಲಾಸ್ಟಿಕ್ ಟ್ರೇಯ ಮನೆಗಳಲ್ಲಿ ತುಂಬುತ್ತೇವೆ. ಗಟ್ಟಿ ಕಲ್ಲಿನಲ್ಲಿ ಈ ಪದ್ಧತಿ ಸರಿ. ಕೊಳೆತ ನೆಲದಲ್ಲಿ ಬಕೆಟ್ಟಿನಿಂದ ಚೆಲ್ಲಿ ಹೋಗುವ ಕೆಂಪು ನೀರೇ ಮಾಹಿತಿ. ಟ್ರೇಯಲ್ಲಿ ಉಳಿಯುವುದು ಬೆಣಚುಕಲ್ಲಿನ ಹರಳು, ಅದು ಈ ತರಂಗಗಳಲ್ಲಿ ಯಾವ ತಗ್ಗನ್ನೂ ತೋರಿಸದು. ಲಕ್ಷಾಂತರ ರೂಪಾಯಿ ಸುರಿದು ಕೊರೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗಾಗುತ್ತದೆ. ತೊಳೆಯದ ಒಂದು ಹಿಡಿಯನ್ನು ಒಣಗಿಸಿ ಎತ್ತಿಡಬೇಕು, ಅಷ್ಟೇ.

ಪ್ರಯೋಗಾಲಯಕ್ಕೆ ಕಳಿಸಿ ಚಿನ್ನ ಅಳೆಸುತ್ತೇವಲ್ಲ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಟನ್ನಿಗೆ ಒಂದೆರಡು ಗ್ರಾಂ ಇರುವ ಚಿನ್ನವನ್ನು ಸ್ಪೆಕ್ಟ್ರೋಮೀಟರ್ ಕಾಣಲಾರದು, ನಿಜ. ಆದರೆ ಮಳೆನಾಡಿನ ಕೆಂಪು ನೆಲದಲ್ಲಿ ಮೇಲಿನ ಪದರಗಳ ಚಿನ್ನ ಕರಗಿ ಜಾಗ ಬದಲಿಸಿರಬಹುದು. ಅಂಥ ಕಡೆ ಪ್ರಯೋಗಾಲಯದ ‘ಇಲ್ಲ’ ಎಂಬ ಉತ್ತರ ನಂಬಿ ಬೋರು ಅರ್ಧಕ್ಕೆ ನಿಲ್ಲಿಸಿದರೆ ಕೆಳಗಿರುವುದು ಕೆಳಗೇ ಉಳಿಯುತ್ತದೆ. ಅಭ್ರಕದ ಗುರುತು ಇನ್ನೂ ಆಳಕ್ಕೆ ಹೋಗಬೇಕೋ ಬೇಡವೋ ಎಂದು ಹೇಳಬಲ್ಲದು.

ಈ ಯಂತ್ರಕ್ಕೂ ಮಿತಿಗಳಿವೆ. ಒದ್ದೆ ಪುಡಿಯಲ್ಲಿ 1400, 1900ರ ಬಳಿ ನೀರಿನ ತಗ್ಗು ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಜುಲೈ ತಿಂಗಳ ಗೋವಾದಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಮ್ಯಾಂಗನೀಸ್ ಸೇರಿದ ಕರಿ ಜೇಡಿ ಬೆಳಕನ್ನು ನುಂಗಿಬಿಡುತ್ತದೆ. ಅಲ್ಲಿ ಎಕ್ಸ್‌ರೇ ಪರೀಕ್ಷೆಯೇ ಬೇಕು.

ಹಾಗಿದ್ದೂ ಇದನ್ನು ಮಾಡುತ್ತಿರುವವರಿದ್ದಾರೆ. ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ ನೆಲ ನಮ್ಮಂತೆಯೇ ಆಳವಾಗಿ ಕೊಳೆತದ್ದು. ಅಲ್ಲಿ ಜೋ ಲಾರ್ಡ್ ಹೆಸರಿನ ಸರ್ಕಾರಿ ಕೋರ್ ಗ್ರಂಥಾಲಯವಿದೆ, ಕೊರೆದು ತೆಗೆದ ಕಲ್ಲಿನ ದಿಂಡುಗಳ ಭಂಡಾರ. ಆ ದೇಶದಲ್ಲಿ ಸರ್ಕಾರಿ ಭೂವೈಜ್ಞಾನಿಕ ಸಂಸ್ಥೆಗಳು ಕೋರುಗಳನ್ನು ಬೆಳಕಿನಲ್ಲಿ ಓದಿಸಿ, ಆ ದತ್ತಾಂಶವನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿವೆ. ಇತ್ತ ನಮ್ಮಲ್ಲಿ ನಾನು ಕಂಡ ಒಂದು ಶೆಡ್ಡಿನಲ್ಲಿ ಗಣಿ ನಿಂತ ಮೇಲೆ ಮರದ ಕೋರ್ ಬಾಕ್ಸುಗಳು ಗೆದ್ದಲು ಹಿಡಿದು ಒಂದರ ಮೇಲೊಂದು ಕುಸಿದಿದ್ದವು. ಯಾವ ತುಂಡು ಯಾವ ಆಳದ್ದು ಎಂದು ಹೇಳುವವರಿರಲಿಲ್ಲ.

ನಮ್ಮಲ್ಲೂ ದಾರಿ ಇದೆ. 2023ರ ಗಣಿ ಕಾಯ್ದೆ ತಿದ್ದುಪಡಿ ಚಿನ್ನವೂ ಸೇರಿದಂತೆ 29 ಖನಿಜಗಳಿಗೆ ಶೋಧನಾ ಪರವಾನಗಿ ತಂದಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ತೆರೆಯಿತು. ಕೊರೆದ ಪ್ರತಿ ಮೀಟರಿನ ತೊಳೆಯದ ಮಾದರಿಯ ಬೆಳಕಿನ ಓದು ಆ ಭಂಡಾರ ಸೇರಲಿ, ಕಬ್ಬಿಣಕ್ಕೆ ಕೊರೆದದ್ದೂ ಬಿಡದೆ. ಓದುವ ಕೆಲಸಕ್ಕೆ ತಾಳೆಗಾಂವ್ ಗುಡ್ಡದ ಮೇಲಿನ ಗೋವಾ ವಿಶ್ವವಿದ್ಯಾಲಯದಲ್ಲೂ ಧಾರವಾಡದಲ್ಲೂ ವಿದ್ಯಾರ್ಥಿಗಳಿದ್ದಾರೆ. ಷರತ್ತು ಮಾತ್ರ ಹರಾಜಿನ ಟೆಂಡರಿನಲ್ಲೇ ಬರಬೇಕು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಕೇಳಿದರೆ ಯಾವ ಕಂಪನಿಯೂ ಕೊಡುವುದಿಲ್ಲ.